ವಿನಾಯಿತಿ ರಾಯಭಾರಿಗೆ, ಗುತ್ತಿಗೆದಾರನಿಗಲ್ಲ

"ವಾಚ್‌ಮನ್‌ಗಳೂ ಸ್ಟ್ರೈಕ್ ಮಾಡಿದರೆ ಇನ್ನು ಗೇಟು ಕಾಯುವವರು ಯಾರು?" ಭದ್ರತಾ ಸಿಬ್ಬಂದಿಯ ಮುಷ್ಕರದ ಮಾತು ಬಂದಾಗಲೆಲ್ಲ ಪಣಜಿಯಲ್ಲಿರುವ ನಮ್ಮವರು ನನ್ನಲ್ಲಿ ಕೇಳುವ ಪ್ರಶ್ನೆ ಇದು. ಕೇಳುವವರು ಕೆಟ್ಟವರಲ್ಲ. ಹೋಟೆಲು ಇಟ್ಟವರು, ಬಟ್ಟೆ ಅಂಗಡಿ ಇಟ್ಟವರು, ಮಗನ ವೀಸಾಕ್ಕಾಗಿ ಓಡಾಡುವ ಉಪ್ಪಂದಿರು. ಅದರಲ್ಲೂ ರಾಯಭಾರ ಕಚೇರಿ, ಕಾನ್ಸುಲೇಟ್, ವೀಸಾ ಕೇಂದ್ರ ಎಂದರೆ ಅವರಿಗೆ ಇನ್ನೂ ಭಯ. ಅಲ್ಲಿ ಒಂದು ದಿನ ಗೇಟು ಮುಚ್ಚಿದರೆ ತಿಂಗಳುಗಟ್ಟಲೆ ಕಾದು ಪಡೆದ ಅಪಾಯಿಂಟ್‌ಮೆಂಟ್ ಹೋಯಿತು, ಗಲ್ಫಿನ ಕೆಲಸ ಹೋಯಿತು, ಟಿಕೆಟಿನ ದುಡ್ಡು ಹೋಯಿತು ಎಂಬ ಲೆಕ್ಕ.

ಲೆಕ್ಕ ಸರಿಯೇ. ಆದರೆ ನಾನು ತಿರುಗಿ ಕೇಳುವುದು ಒಂದೇ ಮಾತು: ಆ ಗೇಟು ಕಾಯುವವನ ಯಜಮಾನ ಯಾರು? ಅದನ್ನು ಮೊದಲು ಹೇಳಿ, ಆಮೇಲೆ ಅವನನ್ನು ಬೈಯೋಣ.

ಪಣಜಿಯಲ್ಲಿ ನನ್ನದು ಸಣ್ಣ ಜೆರಾಕ್ಸ್ ಅಂಗಡಿ. ಇಲ್ಲಿಯ ಆಲ್ತಿನೋ ಗುಡ್ಡದ ಮೇಲೆ ಪೋರ್ಚುಗಲ್‌ನ ಕಾನ್ಸುಲೇಟ್ ಇದೆ. 1961ರ ಡಿಸೆಂಬರ್ 19ರಂದು ಗೋವಾ ಬಿಡುಗಡೆಯಾಗುವ ಮೊದಲು ಇಲ್ಲಿ ಹುಟ್ಟಿದವರು ಮತ್ತು ಅವರ ಮಕ್ಕಳು ಪೋರ್ಚುಗಲ್‌ನ ಪೌರತ್ವ ಕೇಳಬಹುದು ಎಂಬುದರಿಂದ ಅಲ್ಲಿಗೆ ಜನ ಬರುತ್ತಲೇ ಇರುತ್ತಾರೆ. ಜನನ ಪತ್ರ, ಮದುವೆ ಪತ್ರ, ಆಧಾರ್, ಎಲ್ಲದರ ಪ್ರತಿ ಬೇಕು. ಹಾಗೆ ಬರುವವರ ನಡುವೆ ನಗರದ ಬೇರೆ ಬೇರೆ ಗೇಟುಗಳ ಕಾವಲುಗಾರರೂ ನನ್ನ ಅಂಗಡಿಗೆ ಬರುತ್ತಾರೆ. ಬ್ಯಾಂಕಿನವರು, ಆಸ್ಪತ್ರೆಯವರು, ಸರ್ಕಾರಿ ಕಚೇರಿಯವರು. ಹೆಚ್ಚಿನವರು ಉತ್ತರ ಕರ್ನಾಟಕದವರು, ಕೆಲವರು ನಮ್ಮ ಕರಾವಳಿಯವರು. ಕನ್ನಡ ಕೇಳಿದ ಕೂಡಲೇ ನಿಂತು ಮಾತಾಡುತ್ತಾರೆ. ಅವರು ಪ್ರತಿ ತೆಗೆಸುವ ಕಾಗದಗಳು ನನ್ನ ಕೈಯಿಂದ ದಾಟುತ್ತವೆ. ಸಂಬಳದ ಚೀಟಿಯಲ್ಲಿ ಪಿಎಫ್ ಕಡಿತ ಇರುತ್ತದೆ, ಖಾತೆಗೆ ಜಮೆ ಆಗಿರುವುದಿಲ್ಲ. ಸಮವಸ್ತ್ರಕ್ಕೆ ಕಡಿತ, ಟಾರ್ಚಿಗೆ ಕಡಿತ, ಒಂದು ದಿನ ರಜೆ ಹಾಕಿದರೆ ಎರಡು ದಿನದ ಕಡಿತ. ಕೆಲವರಲ್ಲಿ ಚೀಟಿಯೇ ಇಲ್ಲ, ಮೊಬೈಲಿನಲ್ಲಿ ಬಂದ ಒಂದು ಸಾಲಿನ ಮೆಸೇಜನ್ನೇ ಪ್ರಿಂಟ್ ಹಾಕಿಸಿಕೊಂಡು ಲೇಬರ್ ಆಫೀಸಿಗೆ ಹೋಗುತ್ತಾರೆ.

ಯಾವ ಏಜೆನ್ಸಿ, ಯಾವ ಗೇಟು ಎಂದು ನಾನು ಇಲ್ಲಿ ಬರೆಯುವುದಿಲ್ಲ. ಒಬ್ಬನ ಹೆಸರು ಬರೆದರೆ ಉಳಿದವರು ಒಳ್ಳೆಯವರು ಎಂದಾಗುತ್ತದೆ. ಕಾಯಿಲೆ ಇರುವುದು ಪದ್ಧತಿಯಲ್ಲಿ.

ಪದ್ಧತಿ ಹೇಗೆ ನಡೆಯುತ್ತದೆ ನೋಡಿ. ಕಚೇರಿಗೆ ಕಾವಲು ಬೇಕು, ಅದು ಟೆಂಡರ್ ಕರೆಯುತ್ತದೆ. ಕಡಿಮೆ ದರ ಹೇಳಿದ ಏಜೆನ್ಸಿಗೆ ಕೆಲಸ ಸಿಗುತ್ತದೆ. ಕಾವಲು ಕೆಲಸಕ್ಕೆ ಯಂತ್ರ ಬೇಡ, ಕಚ್ಚಾ ಮಾಲು ಬೇಡ. ಬಿಲ್ಲಿನ ಬಹುಪಾಲು ಮನುಷ್ಯನ ಕೂಲಿಯೇ. ಹಾಗಿದ್ದ ಮೇಲೆ ಒಬ್ಬ ಇನ್ನೊಬ್ಬನಿಗಿಂತ ಕಡಿಮೆ ದರ ಹೇಗೆ ಹೇಳುತ್ತಾನೆ? ಕೂಲಿಯಲ್ಲಿ ಕತ್ತರಿಸಿಯೇ ಹೇಳಬೇಕು. ಕಾವಲುಗಾರನಿಗೆ ಅನ್ಯಾಯ ಆಗುವುದು ಸಂಬಳದ ದಿನ ಎಂದು ನಾವು ತಿಳಿದಿದ್ದೇವೆ. ಅನ್ಯಾಯ ಟೆಂಡರ್ ತೆರೆದ ದಿನವೇ ಆಗಿ ಹೋಗಿರುತ್ತದೆ. ಸಂಬಳದ ದಿನ ಅವನಿಗೆ ಗೊತ್ತಾಗುತ್ತದೆ, ಅಷ್ಟೆ.

ವ್ಯಾಪಾರ ಗೊತ್ತಿರುವ ಸಮುದಾಯ ನಮ್ಮದು, ಆದ್ದರಿಂದ ಲೆಕ್ಕವನ್ನೇ ಹಾಕೋಣ. ಒಂದು ಗೇಟನ್ನು ವಾರದ ಏಳು ದಿನ, ದಿನದ 24 ಗಂಟೆ ಕಾಯಬೇಕು ಎಂದರೆ ವಾರಕ್ಕೆ 168 ಗಂಟೆ. ಒಬ್ಬ ಮನುಷ್ಯ ವಾರಕ್ಕೆ ದುಡಿಯಬೇಕಾದದ್ದು 48 ಗಂಟೆ. ಭಾಗಿಸಿದರೆ ಮೂರೂವರೆ ಜನ. ರಜೆ, ಜ್ವರ, ಊರಿನ ಸಾವು ಇದಕ್ಕೆ ಸೇರಿಲ್ಲ. ಆದರೆ ನೀವು ನೋಡುವ ಹೆಚ್ಚಿನ ಗೇಟುಗಳಲ್ಲಿ ಇರುವುದು ಇಬ್ಬರು: ಹಗಲಿಗೆ ಒಬ್ಬ, ರಾತ್ರಿಗೆ ಒಬ್ಬ. ಉಳಿದ ಒಂದೂವರೆ ಮನುಷ್ಯ ಎಲ್ಲಿ ಹೋದ? ಅವನ ಕೆಲಸವನ್ನು ಈ ಇಬ್ಬರ ಬೆನ್ನ ಮೇಲೆ ಹೇರಿದ್ದಾರೆ.

ಇನ್ನೊಂದು ಲೆಕ್ಕ. ಎಂಟು ಗಂಟೆ ಮೀರಿದ ದುಡಿಮೆಗೆ ದುಪ್ಪಟ್ಟು ಕೂಲಿ ಎಂಬುದು ನಿಯಮ. ದಿನಗೂಲಿ 600 ರೂಪಾಯಿ ಎಂದು ಉದಾಹರಣೆಗೆ ಇಟ್ಟುಕೊಳ್ಳಿ. ಗಂಟೆಗೆ 75. ಹನ್ನೆರಡು ಗಂಟೆಯ ಡ್ಯೂಟಿಯಲ್ಲಿ ಮೇಲಿನ ನಾಲ್ಕು ಗಂಟೆಗೆ ಗಂಟೆಗೆ 150ರಂತೆ 600. ಅಂದರೆ ಹನ್ನೆರಡು ಗಂಟೆ ನಿಂತವನಿಗೆ ಬರಬೇಕಾದದ್ದು 1,200, ಸರಿಯಾಗಿ ಎರಡು ದಿನದ ಕೂಲಿ. ಹನ್ನೆರಡು ಗಂಟೆಯನ್ನೇ "ಒಂದು ಡ್ಯೂಟಿ" ಎಂದು ಹೆಸರಿಟ್ಟು ಒಂದೇ ಕೂಲಿ ಕೊಟ್ಟರೆ ಅರ್ಧ ಕೂಲಿ ಹೋಯಿತು. "ಡ್ಯೂಟಿ" ಎಂಬ ಎರಡಕ್ಷರದಲ್ಲಿ ಎಷ್ಟು ಜನರ ಮಕ್ಕಳ ಶಾಲೆ ಫೀಸು ಮುಳುಗಿದೆ ಎಂದು ಯಾರೂ ಲೆಕ್ಕ ಇಟ್ಟಿಲ್ಲ.

ಕೂಲಿ ಕೇಳಲು ಹೋದರೆ ಏನಾಗುತ್ತದೆ? ಕಚೇರಿಯವರು "ನೀನು ನಮ್ಮ ನೌಕರನಲ್ಲ, ಏಜೆನ್ಸಿಯವನು" ಎನ್ನುತ್ತಾರೆ. ಏಜೆನ್ಸಿಯವನು "ಕಚೇರಿ ಬಿಲ್ಲು ಪಾಸು ಮಾಡಿಲ್ಲ" ಎನ್ನುತ್ತಾನೆ. ಸಾಮಾನ್ಯ ಕಚೇರಿಯಾದರೆ ಇಲ್ಲಿಗೆ ದಾರಿ ಮುಗಿಯುವುದಿಲ್ಲ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಕೊಡಬೇಕು ಎಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ 21ನೇ ಕಲಂ ಹೇಳಿತ್ತು. ಅದರ ಜಾಗಕ್ಕೆ ಬಂದ ಹೊಸ ಸಂಹಿತೆಯಲ್ಲೂ ಆ ಮಾತು ಉಳಿದಿದೆ. ಆದರೆ ಮೂಲ ಮಾಲೀಕ ವಿದೇಶಿ ಸರ್ಕಾರವಾಗಿದ್ದರೆ ಲೇಬರ್ ಆಫೀಸಿನವರು ಕೈ ಎತ್ತುತ್ತಾರೆ. "ಅದು ಡಿಪ್ಲೊಮ್ಯಾಟಿಕ್ ವಿಷಯ, ನಮಗೆ ಅಧಿಕಾರವಿಲ್ಲ." ಅಲ್ಲಿಗೆ ಮಾತು ಮುಗಿಯಿತು ಎಂದು ಎಲ್ಲರೂ ನಂಬಿಬಿಟ್ಟಿದ್ದಾರೆ.

ನನ್ನ ತಕರಾರು ಇರುವುದು ಈ ನಂಬಿಕೆಯ ಮೇಲೆ.

ರಾಜತಾಂತ್ರಿಕ ವಿನಾಯಿತಿ ಎಂಬುದು ಗಾಳಿಯಲ್ಲಿ ತೇಲುವ ಮಾತಲ್ಲ, ಬರೆದಿಟ್ಟ ಒಪ್ಪಂದ. ರಾಯಭಾರ ಕಚೇರಿಗಳಿಗೆ 1961ರ ವಿಯೆನ್ನಾ ಒಪ್ಪಂದ, ಪಣಜಿಯಲ್ಲಿರುವಂಥ ಕಾನ್ಸುಲೇಟ್‌ಗಳಿಗೆ 1963ರ ಒಪ್ಪಂದ. ಕಚೇರಿಯ ಒಳಗೆ ಅನುಮತಿ ಇಲ್ಲದೆ ಪೊಲೀಸರು ನುಗ್ಗಬಾರದು, ಅಧಿಕಾರಿ ತನ್ನ ಅಧಿಕೃತ ಕೆಲಸಕ್ಕಾಗಿ ಇಲ್ಲಿಯ ಕೋರ್ಟಿನಲ್ಲಿ ನಿಲ್ಲಬೇಕಿಲ್ಲ, ಇತ್ಯಾದಿ. ವಿದೇಶಿ ಸರ್ಕಾರದ ಮೇಲೆ ದಾವೆ ಹೂಡಬೇಕಾದರೆ ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 86ನೇ ಕಲಂ ಪ್ರಕಾರ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ಇದೆಲ್ಲ ನಿಜ, ಅಗತ್ಯವೂ ಹೌದು. ನಾಳೆ ರಿಯಾದಿನಲ್ಲೋ ಕುವೈಟಿನಲ್ಲೋ ನಮ್ಮ ಹುಡುಗನ ಪಾಸ್‌ಪೋರ್ಟ್ ಕಳೆದರೆ ಅವನು ಓಡಿಹೋಗುವ ಭಾರತದ ಕಚೇರಿಗೂ ಇದೇ ರಕ್ಷಣೆ ಇದೆ.

ಆದರೆ ಅದೇ ಒಪ್ಪಂದಗಳಲ್ಲಿ ಇನ್ನೊಂದು ಮಾತೂ ಇದೆ: ವಿನಾಯಿತಿ ಪಡೆದವರು ತಾವಿರುವ ದೇಶದ ಕಾನೂನನ್ನು ಗೌರವಿಸಬೇಕು. 1961ರದ್ದರಲ್ಲಿ 41ನೇ ವಿಧಿ, 1963ರದ್ದರಲ್ಲಿ 55ನೇ ವಿಧಿ. ಸ್ಥಳೀಯರನ್ನು ಕೆಲಸಕ್ಕಿಟ್ಟುಕೊಂಡರೆ ಆ ದೇಶದ ಸಾಮಾಜಿಕ ಭದ್ರತೆಯ ಕಟ್ಟುಪಾಡು ಪಾಲಿಸಬೇಕು ಎಂದೂ ಎರಡರಲ್ಲೂ ಇದೆ.

ಇವೆಲ್ಲಕ್ಕಿಂತ ದೊಡ್ಡ ವಿಷಯ ಬಹಳ ಸರಳ. ಏಜೆನ್ಸಿಯವನು ರಾಯಭಾರಿಯಲ್ಲ. ಅವನು ಇಲ್ಲಿಯ ಕಂಪನಿ, ಇಲ್ಲಿಯ ಪ್ಯಾನ್ ನಂಬರ್, ಇಲ್ಲಿಯ ಜಿಎಸ್‌ಟಿ, ಇಲ್ಲಿಯ ಪರವಾನಗಿ. ಅವನಿಗೆ ಯಾವ ವಿಯೆನ್ನಾದ ರಕ್ಷಣೆಯೂ ಇಲ್ಲ. ಅವನ ಕಚೇರಿಗೆ ಕಾರ್ಮಿಕ ಅಧಿಕಾರಿ ಯಾವತ್ತೂ ಹೋಗಬಹುದು, ರಿಜಿಸ್ಟರ್ ತೆರೆಸಬಹುದು. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಯಾರೂ ಈ ವ್ಯಾಪಾರ ಮಾಡುವಂತಿಲ್ಲ. ಅದೇ ಕಾಯ್ದೆಯ 13ನೇ ಕಲಂ ಓದಿ: ಅನುಬಂಧದಲ್ಲಿ ಹೆಸರಿಸಿದ ಕಾರ್ಮಿಕ ಕಾಯ್ದೆಗಳನ್ನು ಮುರಿದರೆ ಪರವಾನಗಿ ರದ್ದು ಮಾಡಬಹುದು. ಆ ಅನುಬಂಧದಲ್ಲಿ ಕನಿಷ್ಠ ವೇತನ ಇದೆ, ಪಿಎಫ್ ಇದೆ, ಬೋನಸ್ ಇದೆ, ಗ್ರಾಚ್ಯುಟಿ ಇದೆ, ಗುತ್ತಿಗೆ ಕಾರ್ಮಿಕ ಕಾಯ್ದೆ ಇದೆ. ಅಂದರೆ ಬೀಗದ ಕೈ ರಾಜ್ಯದ ಗೃಹ ಇಲಾಖೆಯ ಜೇಬಿನಲ್ಲೇ ಇದೆ. ದಿಲ್ಲಿಗೆ ಹೋಗಬೇಕಿಲ್ಲ, ಲಿಸ್ಬನ್ನಿಗೂ ವಾಷಿಂಗ್ಟನ್ನಿಗೂ ಹೋಗಬೇಕಿಲ್ಲ. ರಾಯಭಾರಿಯ ನೆರಳಿನಲ್ಲಿ ಗುತ್ತಿಗೆದಾರ ಅಡಗಿ ಕೂತಿದ್ದಾನೆ, ಅಧಿಕಾರಿ ನೆರಳನ್ನೇ ಗೋಡೆ ಎಂದು ತೋರಿಸುತ್ತಿದ್ದಾನೆ.

ದಿಲ್ಲಿಗೆ ಕೈಲಾಗುವುದಿಲ್ಲ ಎಂಬುದೂ ಸುಳ್ಳು. 2013ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ನಮ್ಮ ಕಾನ್ಸುಲೇಟಿನ ಅಧಿಕಾರಿ ದೇವಯಾನಿ ಖೋಬ್ರಾಗಡೆ ಅವರ ಬಂಧನವಾಯಿತು. ಆರೋಪ ಮನೆಗೆಲಸದಾಕೆಯ ವೀಸಾ ಮತ್ತು ಸಂಬಳಕ್ಕೆ ಸಂಬಂಧಿಸಿದ್ದು. ಕೆಲವೇ ದಿನಗಳಲ್ಲಿ ದಿಲ್ಲಿಯ ಅಮೆರಿಕ ರಾಯಭಾರ ಕಚೇರಿಯ ಮುಂದಿನ ತಡೆಗೋಡೆಗಳನ್ನು ತೆಗೆಸಿದರು. ಭಾರತದಲ್ಲಿರುವ ಅಮೆರಿಕದ ಕಚೇರಿಗಳಲ್ಲಿ ದುಡಿಯುವ ಭಾರತೀಯರಿಗೆ ಎಷ್ಟು ಸಂಬಳ ಕೊಡುತ್ತೀರಿ, ವಿವರ ಕೊಡಿ ಎಂದೂ ಕೇಳಿದರು. ಕೇಳಬಹುದು ಎಂದಾಯಿತಲ್ಲ! ಸಿಟ್ಟು ಬಂದಾಗ ಕೇಳುವ ಪ್ರಶ್ನೆಯನ್ನು ಸಿಟ್ಟಿಲ್ಲದ ದಿನವೂ ಕೇಳಬೇಕು. ಎರಡು ಸರ್ಕಾರಗಳು ಜಗಳವಾಡುವಾಗ ಮಾತ್ರ ಕೆಲಸದವರ ಸಂಬಳ ನೆನಪಾಗುತ್ತದೆ, ರಾಜಿಯಾದ ಮರುದಿನ ಮರೆತುಹೋಗುತ್ತದೆ ಎಂದರೆ ಅವರ ಕಾಳಜಿ ಕೆಲಸದವರ ಮೇಲೆ ಇರಲೇ ಇಲ್ಲ.

ಈಗ ಮುಷ್ಕರದ ಮಾತಿಗೆ ಬರುತ್ತೇನೆ. ನಮ್ಮವರು ಹೇಳುವ ಮೊದಲ ಆಕ್ಷೇಪ: "ಇದು ಭದ್ರತೆಯ ಕೆಲಸ, ಜೀವದ ಪ್ರಶ್ನೆ. ಇದರಲ್ಲಿ ಮುಷ್ಕರ ಸಲ್ಲದು." ಯಾರ ಜೀವದ ಪ್ರಶ್ನೆ ಎಂದು ಸ್ವಲ್ಪ ನೋಡೋಣ. 1998ರ ಆಗಸ್ಟ್ 7ರಂದು ನೈರೋಬಿಯ ಅಮೆರಿಕ ರಾಯಭಾರ ಕಚೇರಿಗೆ ಬಾಂಬಿನ ಟ್ರಕ್ ಬಂದಾಗ ಗೇಟು ತೆರೆಯಲು ಒಪ್ಪದೆ ನಿಂತವನು ಸ್ಥಳೀಯ ಕಾವಲುಗಾರ. ಅವನ ಕೈಯಲ್ಲಿ ಆಯುಧವಿರಲಿಲ್ಲ. ಆ ದಿನ ಸತ್ತ ಇನ್ನೂರಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಕೀನ್ಯಾದವರೇ. 2004ರ ಡಿಸೆಂಬರ್ 6ರಂದು, ನಮ್ಮ ಎಷ್ಟೋ ಮನೆಯವರು ದುಡಿದ ಜಿದ್ದಾದಲ್ಲಿ, ಅಮೆರಿಕ ಕಾನ್ಸುಲೇಟಿನ ಮೇಲೆ ದಾಳಿಯಾಯಿತು. ಸತ್ತ ಐವರು ಸಿಬ್ಬಂದಿಯಲ್ಲಿ ಒಬ್ಬರೂ ಅಮೆರಿಕನ್ನರಲ್ಲ. 2016ರ ಜೂನ್ 20ರಂದು ಕಾಬೂಲಿನಲ್ಲಿ ಕೆನಡಾ ರಾಯಭಾರ ಕಚೇರಿಯ ಕಾವಲಿಗೆ ಹೋಗುತ್ತಿದ್ದ ಗುತ್ತಿಗೆ ಕಾವಲುಗಾರರ ಮಿನಿ ಬಸ್ಸಿನ ಮೇಲೆ ಆತ್ಮಾಹುತಿ ದಾಳಿ ನಡೆಯಿತು. ಸತ್ತವರಲ್ಲಿ ಹೆಚ್ಚಿನವರು ನೇಪಾಳಿಗಳು, ಇಬ್ಬರು ನಮ್ಮ ದೇಶದವರು.

ಜೀವ ಕೊಡುವಾಗ ಅವನು ಭದ್ರತಾ ಪಡೆ, ಕೂಲಿ ಕೇಳುವಾಗ ಹೊರಗಿನವನು. ಇದನ್ನು ನ್ಯಾಯ ಎನ್ನಲು ನನಗೆ ಬಾಯಿ ಬರುವುದಿಲ್ಲ. ಕೆಲಸ ಅಷ್ಟು ಅಗತ್ಯವಾಗಿದ್ದರೆ ಅವನನ್ನು ಕಾಯಂ ಮಾಡಿ. ಅಗತ್ಯವಿಲ್ಲದಿದ್ದರೆ ಅವನು ಒಂದು ದಿನ ಬಾರದಿದ್ದಾಗ ಎಸ್ಮಾ ಎಂದು ಕೂಗಬೇಡಿ.

ಎರಡನೆಯ ಆಕ್ಷೇಪ: "ಗುತ್ತಿಗೆ ಎಂದು ಗೊತ್ತಿದ್ದೇ ಸೇರಿದ್ದಲ್ಲವೇ?" ಗೊತ್ತಿದ್ದು ಸೇರಿದ. ಗುತ್ತಿಗೆ ಎಂದರೆ ಕೆಲಸಕ್ಕೆ ಅವಧಿ ಇದೆ ಎಂದರ್ಥ. ಕೂಲಿ ಕದಿಯಬಹುದು ಎಂದರ್ಥವಲ್ಲ. ಅದಲ್ಲದೆ ಏಜೆನ್ಸಿ ಬದಲಾದರೂ ಅದೇ ಗೇಟಿನಲ್ಲಿ ಅದೇ ಮನುಷ್ಯ ವರ್ಷಗಟ್ಟಲೆ ನಿಲ್ಲುತ್ತಾನೆ. ಅಂಗಿಯ ಮೇಲಿನ ಲಾಂಛನ ಮಾತ್ರ ಬದಲಾಗುತ್ತದೆ, ಅದರ ಜೊತೆ ಅವನ ಸೇವಾವಧಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಐದು ವರ್ಷ ತುಂಬಲು ಬಿಡದ ಮೇಲೆ ಗ್ರಾಚ್ಯುಟಿ ಎಲ್ಲಿಂದ ಬರಬೇಕು?

ಗೋವಾದಲ್ಲಿ ಸರ್ಕಾರವೇ ಈ ದಾರಿ ಹಿಡಿದಿದ್ದನ್ನು ಇಲ್ಲಿಯ ಜನ ನೋಡಿದ್ದಾರೆ. ಗೋವಾ ರಿಕ್ರೂಟ್‌ಮೆಂಟ್ ಅಂಡ್ ಎಂಪ್ಲಾಯ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆಯ ಮೂಲಕ ಸರ್ಕಾರಿ ಕಚೇರಿಗಳಿಗೆ ಕಾವಲುಗಾರರನ್ನು ಕೊಟ್ಟರು. ಅವರು ಕಾಯಂ ಕೆಲಸ ಕೇಳಿ ಪಣಜಿಯಲ್ಲಿ ಹೋರಾಟಕ್ಕೆ ಇಳಿದರು. ಆ ಸೊಸೈಟಿಯ ಕೆಲಸಕ್ಕೆ ಆಮೇಲೆ ಗೋವಾ ಮಾನವ ಸಂಪನ್ಮೂಲ ಅಭಿವೃದ್ಧಿ ನಿಗಮ ಬಂತು. ಸರ್ಕಾರವೇ ತನ್ನ ಕಾವಲುಗಾರನನ್ನು ನೇರವಾಗಿ ತನ್ನವನು ಎನ್ನದೆ ನಡುವೆ ಒಂದು ಸಂಸ್ಥೆ ಇಟ್ಟ ಮೇಲೆ ವಿದೇಶಿ ಕಚೇರಿಗೆ ಯಾವ ಬಾಯಲ್ಲಿ ಬುದ್ಧಿ ಹೇಳುವುದು?

ನಮ್ಮ ಕರ್ನಾಟಕವೂ ಹಿಂದೆ ಬಿದ್ದಿಲ್ಲ. ದೇಶದ ಎಲ್ಲ ತಾತ್ಕಾಲಿಕ ನೌಕರರ ಬಾಯಿ ಮುಚ್ಚಿಸಲು ಬಳಸುವ ತೀರ್ಪು ಕರ್ನಾಟಕ ಸರ್ಕಾರ ಹೂಡಿದ ಮೇಲ್ಮನವಿಯದ್ದೇ: 2006ರ ಏಪ್ರಿಲ್ 10ರ ಉಮಾದೇವಿ ಪ್ರಕರಣ. ತಾತ್ಕಾಲಿಕವಾಗಿ ದುಡಿದ ಮಾತ್ರಕ್ಕೆ ಕಾಯಂ ಆಗುವ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ ಅಂದು ಹೇಳಿತು. ಅದೇ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ, ದಶಕಗಟ್ಟಲೆ ಕಾಯಂ ಸ್ವರೂಪದ ಕೆಲಸ ಮಾಡಿದ ಗುಡಿಸುವವರ, ಮಾಲಿಗಳ ವಿರುದ್ಧ ಆ ತೀರ್ಪನ್ನು ಆಯುಧ ಮಾಡಿಕೊಳ್ಳುವುದು ತಪ್ಪು ಎಂದು ಹೇಳಿ ಅವರನ್ನು ಕಾಯಂ ಮಾಡಿಸಿತು. ಈ ಎರಡನೆಯ ತೀರ್ಪನ್ನು ಕಚೇರಿಗಳಲ್ಲಿ ಯಾರೂ ಗೋಡೆಗೆ ಅಂಟಿಸುವುದಿಲ್ಲ.

ಮೂರನೆಯ ಆಕ್ಷೇಪ: "ಕಾನೂನಿನ ದಾರಿ ಇದೆಯಲ್ಲ, ಮುಷ್ಕರ ಏಕೆ?" ಕಾನೂನಿನ ದಾರಿ ದಿನದಿನಕ್ಕೆ ಕಿರಿದಾಗುತ್ತಿದೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಮೊದಲು 20 ಗುತ್ತಿಗೆ ಕೆಲಸಗಾರರಿದ್ದರೆ ಗುತ್ತಿಗೆ ಕಾಯ್ದೆಯ ರಕ್ಷಣೆ ಸಿಗುತ್ತಿತ್ತು, ಈಗ 50 ಬೇಕು. ಒಂದು ಕಾನ್ಸುಲೇಟಿನ ಗೇಟಿಗೆ 50 ಜನ ಯಾರು ಇಡುತ್ತಾರೆ? ಸಂಸ್ಥೆಯ ಮುಖ್ಯ ಕೆಲಸಕ್ಕೆ ಗುತ್ತಿಗೆಯವರನ್ನು ಇಡಬಾರದು ಎಂದು ಸಂಹಿತೆ ಹೇಳುತ್ತದೆ. ಆದರೆ ಮುಖ್ಯ ಕೆಲಸಕ್ಕೆ ಸೇರದವುಗಳ ಪಟ್ಟಿಯಲ್ಲಿ ಕಾವಲು ಮತ್ತು ಭದ್ರತಾ ಸೇವೆಯನ್ನು ಹೆಸರಿಟ್ಟೇ ಸೇರಿಸಿದ್ದಾರೆ. ಅದರ ಪಕ್ಕದಲ್ಲೇ ಶುಚಿತ್ವ, ಕ್ಯಾಂಟೀನು, ಸರಕು ಹೇರುವ ಇಳಿಸುವ ಕೆಲಸ. ಮಂಗಳೂರಿನ ಬಂದರಿನಲ್ಲಿ ಮೂಟೆ ಹೊತ್ತು ಮನೆ ನಡೆಸಿದ ಅಜ್ಜಂದಿರು ನಮ್ಮಲ್ಲಿ ಎಷ್ಟು ಮನೆಯಲ್ಲಿಲ್ಲ? ಆ ಪಟ್ಟಿ ನಮ್ಮದೇ ಮನೆಗಳ ಪಟ್ಟಿ. ಮುಷ್ಕರಕ್ಕೂ ಈಗ ಹದಿನಾಲ್ಕು ದಿನದ ಮುನ್ಸೂಚನೆ ಬೇಕು, ಅರ್ಧದಷ್ಟು ಜನ ಒಟ್ಟಿಗೆ ರಜೆ ಹಾಕಿದರೆ ಅದನ್ನೂ ಮುಷ್ಕರ ಎನ್ನುತ್ತಾರೆ. ಹೊಸ ಸಂಹಿತೆಯಲ್ಲಿ ಒಳ್ಳೆಯದೂ ಒಂದಿದೆ: ಪ್ರತಿಯೊಬ್ಬ ಕೆಲಸಗಾರನಿಗೂ ನೇಮಕಾತಿ ಪತ್ರ ಕೊಡಲೇಬೇಕು. ಅದನ್ನಾದರೂ ಕೇಳಿ ಪಡೆಯಲು ಗುಂಪು ಬೇಕು. ಒಬ್ಬನೇ ಕೇಳಿದರೆ ಮರುದಿನ ಬೇರೆ ಊರಿಗೆ ಡ್ಯೂಟಿ.

ಗುಂಪಾಗಿ ನಿಂತವರಿಗೆ ಏನು ಸಿಕ್ಕಿದೆ ಎಂಬುದಕ್ಕೆ ದೂರದ ಒಂದು ಉದಾಹರಣೆ. ಲಂಡನ್ ವಿಶ್ವವಿದ್ಯಾಲಯದ ಹೊರಗುತ್ತಿಗೆ ಕಾವಲುಗಾರರಲ್ಲಿ ಹೆಚ್ಚಿನವರು ವಲಸಿಗರು. ಅವರು 2018ರಲ್ಲಿ ಮುಷ್ಕರ ಹೂಡಿದರು, 2020ರಲ್ಲಿ ವಿಶ್ವವಿದ್ಯಾಲಯ ಅವರನ್ನು ತನ್ನ ನೇರ ನೌಕರರನ್ನಾಗಿ ಮಾಡಿಕೊಂಡಿತು. ಹತ್ತಿರದ ಉದಾಹರಣೆ ಮಹಾರಾಷ್ಟ್ರದ್ದು. ಅಲ್ಲಿ 1981ರಲ್ಲೇ ಖಾಸಗಿ ಕಾವಲುಗಾರರಿಗಾಗಿ ಕಾಯ್ದೆ ಬಂದು ಮಂಡಳಿಗಳಾದವು. ಕಾವಲುಗಾರ ಮಂಡಳಿಯಲ್ಲಿ ಹೆಸರು ನೋಂದಾಯಿಸುತ್ತಾನೆ, ಕೆಲಸ ಮಾಡಿಸಿಕೊಳ್ಳುವವರು ಹಣವನ್ನು ಮಂಡಳಿಗೆ ಕಟ್ಟುತ್ತಾರೆ, ಮಂಡಳಿ ಅವನಿಗೆ ಸಂಬಳ, ಪಿಎಫ್ ಕೊಡುತ್ತದೆ. ನಡುವಿನ ಕೈ ಇಲ್ಲ. ಅಲ್ಲಿಯೂ ಲೋಪಗಳಿವೆ, ವಿನಾಯಿತಿ ಪಡೆದ ಏಜೆನ್ಸಿಗಳಿವೆ. ಆದರೂ ದಾರಿ ಇದೆ ಎಂಬುದು ಸಾಬೀತಾಗಿ ನಾಲ್ಕು ದಶಕ ದಾಟಿತು. ಗೋವಾಕ್ಕೆ ಮಹಾರಾಷ್ಟ್ರ ಪಕ್ಕದ ಮನೆ, ಕರ್ನಾಟಕಕ್ಕೂ.

ಇನ್ನು ನಮ್ಮ ಬ್ಯಾರಿ ಕುಟುಂಬಗಳಿಗೆ ನೇರವಾಗಿ ನಾಲ್ಕು ಮಾತು.

ಗಲ್ಫಿನಲ್ಲಿ ನಮ್ಮ ಹುಡುಗನಿಗೆ ಕಂಪನಿ ಮೂರು ತಿಂಗಳು ಸಂಬಳ ತಡೆದರೆ ಉಮ್ಮ ಇಲ್ಲಿ ನಿದ್ದೆ ಬಿಡುತ್ತಾಳೆ. ಜಮಾಅತಿನವರು ಪತ್ರ ಬರೆಯುತ್ತಾರೆ, ಅಲ್ಲಿಯ ನಮ್ಮ ಸಂಘಟನೆಗಳು ಓಡಾಡುತ್ತವೆ, ಭಾರತದ ರಾಯಭಾರ ಕಚೇರಿಗೆ ಫೋನು ಹೋಗುತ್ತದೆ. ಒಳ್ಳೆಯ ಕೆಲಸ. ಅದೇ ಸಂಕಟ ಪಣಜಿಯಲ್ಲೋ ಮಂಗಳೂರಿನಲ್ಲೋ ಗೇಟಿನಲ್ಲಿ ನಿಂತ ಬಾಗಲಕೋಟೆಯ, ಬಿಹಾರದ, ಅಸ್ಸಾಮಿನ ಹುಡುಗನಿಗೆ ಬಂದರೆ ನಮಗೆ ಅದು "ಲೇಬರ್ ಗಲಾಟೆ". ಕೂಲಿಯವನ ಕೂಲಿ ತಡೆಯಬಾರದು ಎಂದು ಮದ್ರಸದಲ್ಲೇ ಕಲಿತವರು ನಾವು. ಕೂಲಿಯವನು ಯಾವ ಊರಿನವನು ಎಂದು ಆ ಪಾಠದಲ್ಲಿ ಇರಲಿಲ್ಲ.

ನಮ್ಮಲ್ಲಿ ಹೋಟೆಲು, ಮಾಲು, ಫ್ಲ್ಯಾಟು ಕಟ್ಟಿದವರು ಕಡಿಮೆ ಇಲ್ಲ. ಶಾಲೆ, ಹಾಲ್ ನಡೆಸುವ ಕಮಿಟಿಗಳೂ ಇವೆ. ನಿಮ್ಮ ಗೇಟಿನಲ್ಲಿ ಎಷ್ಟು ಜನ? ಮೂರೂವರೆಯೋ, ಎರಡೋ? ಏಜೆನ್ಸಿಗೆ ನೀವು ಕೊಡುವ ಬಿಲ್ಲಿನಲ್ಲಿ ಕಾವಲುಗಾರನ ಕೈಗೆ ಎಷ್ಟು ಹೋಗುತ್ತದೆ ಎಂದು ಒಮ್ಮೆಯಾದರೂ ಕೇಳಿದ್ದೀರಾ? ಪ್ರತಿ ತಿಂಗಳ ಬಿಲ್ಲಿನ ಜೊತೆ ಹಿಂದಿನ ತಿಂಗಳ ಪಿಎಫ್, ಇಎಸ್‌ಐ ಚಲನ್ ಮತ್ತು ಬ್ಯಾಂಕಿನ ಸಂಬಳದ ಪಟ್ಟಿ ಇಟ್ಟರೆ ಮಾತ್ರ ಹಣ ಎಂದು ಹೇಳಿ. ಇಷ್ಟಕ್ಕೆ ಕಾನೂನು ಪಂಡಿತರು ಬೇಡ, ಒಂದು ಸಾಲು ಸಾಕು. ಈ ಒಂದು ಸಾಲನ್ನು ರಾಯಭಾರ ಕಚೇರಿಗಳೂ ತಮ್ಮ ಗುತ್ತಿಗೆ ಪತ್ರದಲ್ಲಿ ಬರೆಯಬಹುದು. ಅದಕ್ಕೆ ಯಾವ ಒಪ್ಪಂದವೂ ಅಡ್ಡ ಬರುವುದಿಲ್ಲ.

ಮನೆಯಲ್ಲಿ ಕಾವಲು ಕೆಲಸಕ್ಕೆ ಹೋಗುವ ಮಕ್ಕಳಿದ್ದರೆ ಅವರಿಗೂ ಹೇಳಿ: ನೇಮಕಾತಿ ಪತ್ರ ಕೇಳು, ಯುಎಎನ್ ನಂಬರ್ ಕೇಳು, ಮೊಬೈಲಿನಲ್ಲಿ ಪಿಎಫ್ ಜಮೆ ತಿಂಗಳಿಗೊಮ್ಮೆ ನೋಡು, ಇಎಸ್‌ಐ ಕಾರ್ಡ್ ತೆಗೆದುಕೊಂಡೇ ಬಾ. ಡ್ಯೂಟಿಯ ಗಂಟೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ದಿನಾ ಬರೆದಿಡು. ನಾಳೆ ಲೇಬರ್ ಆಫೀಸಿನಲ್ಲಿ ನಿನ್ನ ಮಾತಿಗಿಂತ ಆ ನೋಟ್‌ಬುಕ್ಕಿಗೆ ಬೆಲೆ.

ಕೊನೆಯದು. ಮುಷ್ಕರದ ದಿನ ಯಾವುದಾದರೂ ಕಾನ್ಸುಲೇಟಿನ ಅಥವಾ ವೀಸಾ ಕೇಂದ್ರದ ಮುಂದೆ ನಿಮ್ಮ ಅಪಾಯಿಂಟ್‌ಮೆಂಟ್ ತಪ್ಪಿದರೆ ಸಿಟ್ಟು ಬರುವುದು ಸಹಜ. ಆ ಸಿಟ್ಟಿನ ಕಾಗದವನ್ನು ಮೂರು ವಿಳಾಸಕ್ಕೆ ಬರೆಯಿರಿ: ಗುತ್ತಿಗೆ ಕೊಟ್ಟ ಕಚೇರಿಗೆ, ಪರವಾನಗಿ ಕೊಟ್ಟ ಗೃಹ ಇಲಾಖೆಗೆ, ಕೈಕಟ್ಟಿ ಕೂತ ಕಾರ್ಮಿಕ ಇಲಾಖೆಗೆ. ಗೇಟಿನ ಮುಂದೆ ಫಲಕ ಹಿಡಿದು ನಿಂತವನ ಮೇಲೆ ಅದನ್ನು ಸುರಿಯಬೇಡಿ. ಅವನು ನಿಮ್ಮ ಒಂದು ದಿನ ತಿಂದಿದ್ದಾನೆ. ಅವನ ಅರ್ಧ ಕೂಲಿಯನ್ನು ಯಾರು ತಿಂದರು ಎಂಬ ಲೆಕ್ಕ ಇನ್ನೂ ಬಾಕಿ ಇದೆ.